ಪಿಕಪ್ ಟ್ರಕ್ ತಗ್ಗಿಸುವಿಕೆ

ಪಿಕಪ್ ಟ್ರಕ್ ತಗ್ಗಿಸುವಿಕೆ ಎಂದರೆ ಪಿಕಪ್ ವಾಹನದ ಸಸ್ಪೆನ್ಷನ್ ಅಥವಾ ಚಾಸಿಸ್ಸನ್ನು ಮಾರ್ಪಡಿಸಿ, ಅದರ ಬಾಡಿಯು ಕಾರ್ಖಾನೆಯಿಂದ ಹೊರಬಂದಾಗ ಇದ್ದುದಕ್ಕಿಂತ ನೆಲಕ್ಕೆ ಹತ್ತಿರವಾಗುವಂತೆ ಮಾಡುವ ಕ್ರಿಯೆ. ಇದರ ಜೊತೆಗೆ ಸಾಮಾನ್ಯವಾಗಿ ಹೆಚ್ಚು ವ್ಯಾಸದ ರಿಮ್‌ಗಳನ್ನೂ ಕಡಿಮೆ ಎತ್ತರದ ಟೈರುಗಳನ್ನೂ ಅಳವಡಿಸಲಾಗುತ್ತದೆ. ಈ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯದಲ್ಲಿ ಬೆಳೆದು ಇತರ ದೇಶಗಳಿಗೆ ಹರಡಿತು. ಪಿಕಪ್ ಮೂಲತಃ ಭಾರ ಹೊರುವ ವಾಹನವಾಗಿದ್ದು, ಅದರ ಎತ್ತರ ಆ ಕೆಲಸಕ್ಕಾಗಿಯೇ ಇರುವಂಥದ್ದು. ಆದ್ದರಿಂದ ತಗ್ಗಿಸುವಿಕೆಯಿಂದ ದೊರೆಯುವ ಸ್ಥಿರತೆ ಮತ್ತು ನೋಟಕ್ಕೆ ಪ್ರತಿಯಾಗಿ ಭಾರ ಹೊರುವ ಸಾಮರ್ಥ್ಯವನ್ನು ಸ್ವಲ್ಪಮಟ್ಟಿಗೆ ಬಿಟ್ಟುಕೊಡಬೇಕಾಗುತ್ತದೆ.

ಪಿಕಪ್‌ನ ಎತ್ತರಕ್ಕೆ ಕಾರಣ

ಪಿಕಪ್‌ನಲ್ಲಿ ಕ್ಯಾಬಿನ್ ಮತ್ತು ಸರಕಿನ ತೊಟ್ಟಿಯನ್ನು ಏಣಿಯಾಕಾರದ ಚಾಸಿಸ್ ಮೇಲೆ ಕೂರಿಸಲಾಗಿರುತ್ತದೆ. ಹಿಂದಿನ ಆಕ್ಸಲ್ ಹೆಚ್ಚಾಗಿ ಲೀಫ್ ಸ್ಪ್ರಿಂಗ್‌ಗೆ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ, ಬಿಗಿಯಲ್ಪಟ್ಟಿರುತ್ತದೆ. ಸರಕು ತುಂಬಿದಾಗ ಈ ಪಟ್ಟಿಗಳು ಬಾಗಿ ವಾಹನದ ಹಿಂಭಾಗ ಇಳಿಯುತ್ತದೆ. ಹೀಗೆ ಇಳಿದ ಮೇಲೂ ಆಕ್ಸಲ್ ಚಾಸಿಸ್ಸಿಗೆ ಬಡಿಯಬಾರದೆಂದು ಅವೆರಡರ ನಡುವೆ ಸಾಕಷ್ಟು ಅಂತರವನ್ನು ಬಿಟ್ಟಿರುತ್ತಾರೆ. ಖಾಲಿ ಪಿಕಪ್‌ನ ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿ ಕಾಣುವುದು ಇದರಿಂದಲೇ. ತಗ್ಗಿಸುವಾಗ ಕಡಿಮೆಯಾಗುವುದೂ ಇದೇ ಅಂತರ.

ಇತಿಹಾಸ

ಎರಡನೆಯ ಮಹಾಯುದ್ಧದ ನಂತರ ದಕ್ಷಿಣ ಕ್ಯಾಲಿಫೋರ್ನಿಯದ ಮೆಕ್ಸಿಕನ್ ಮೂಲದ ಯುವಕರು ಕಾರುಗಳ ಸ್ಪ್ರಿಂಗ್ ಕತ್ತರಿಸಿ ಅಥವಾ ಡಿಕ್ಕಿಯಲ್ಲಿ ಮರಳಿನ ಚೀಲಗಳನ್ನಿಟ್ಟು ಅವುಗಳನ್ನು ತಗ್ಗಿಸುತ್ತಿದ್ದರು. ಇಂತಹ ಕಾರುಗಳಿಗೆ ‘ಲೋರೈಡರ್’ ಎಂಬ ಹೆಸರು ಬಂದಿತು. 1958ರ ಜನವರಿ 1ರಂದು ಜಾರಿಗೆ ಬಂದ ಕ್ಯಾಲಿಫೋರ್ನಿಯದ ವಾಹನ ಸಂಹಿತೆಯ 24008ನೆಯ ವಿಧಿಯು, ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್‌ನ ಕೆಳಅಂಚಿಗಿಂತ ಕೆಳಗಿರಬಾರದೆಂದು ನಿರ್ಬಂಧಿಸಿತು. ಇದಕ್ಕೆ ಉತ್ತರವಾಗಿ ರಾನ್ ಅಗಿರೆ ಎಂಬವರು 1959ರಲ್ಲಿ ತಮ್ಮ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪುಗಳನ್ನು ಅಳವಡಿಸಿ, ಬೇಕೆಂದಾಗ ಏರಿಸಿ ಇಳಿಸುವಂತೆ ಮಾಡಿದರು.

1970ರ ದಶಕದಲ್ಲಿ ಡಟ್ಸನ್, ಟೊಯೊಟಾ ಮತ್ತು ಮಜ್ದಾ ಕಂಪನಿಗಳ ಸಣ್ಣ ಪಿಕಪ್‌ಗಳು ಅಮೆರಿಕದಲ್ಲಿ ಜನಪ್ರಿಯವಾದವು. 1972ರಿಂದ ಅಲ್ಲಿ ಮಾರಾಟವಾದ ಶೆವರ್ಲೆ ಲವ್ ಅನ್ನು ಇಸುಜು, ಫೋರ್ಡ್ ಕೊರಿಯರ್ ಅನ್ನು ಮಜ್ದಾ ತಯಾರಿಸುತ್ತಿದ್ದವು. ಕಡಿಮೆ ಬೆಲೆಯ ಈ ವಾಹನಗಳನ್ನು ಯುವಕರು ತಗ್ಗಿಸಿ ಅಲಂಕರಿಸತೊಡಗಿದಾಗ ‘ಮಿನಿ ಟ್ರಕ್’ ಹವ್ಯಾಸ ಹುಟ್ಟಿಕೊಂಡಿತು. 1980ರ ದಶಕದಲ್ಲಿ ಶೆವರ್ಲೆ ಎಸ್-10 ಮತ್ತು ಫೋರ್ಡ್ ರೇಂಜರ್ ಕೂಡ ಇದಕ್ಕೆ ಸೇರಿದವು. ಮುಂದೆ ತಯಾರಕರೇ ಈ ಅಭಿರುಚಿಯನ್ನು ಅನುಸರಿಸಿದರು. 1993ರ ಫೋರ್ಡ್ ಎಫ್-150 ಲೈಟ್ನಿಂಗ್ ಕಾರ್ಖಾನೆಯಿಂದಲೇ ತಗ್ಗಿದ ಸಸ್ಪೆನ್ಷನ್ ಮತ್ತು 17 ಇಂಚಿನ ಚಕ್ರಗಳೊಂದಿಗೆ ಬಂದಿತು.

ತಗ್ಗಿಸುವ ವಿಧಾನಗಳು

ಮುಂಭಾಗ: ಕಾಯಿಲ್ ಸ್ಪ್ರಿಂಗ್ ಇರುವ ವಾಹನಗಳಲ್ಲಿ ಗಿಡ್ಡನೆಯ ಸ್ಪ್ರಿಂಗ್‌ಗಳನ್ನು ಹಾಕಲಾಗುತ್ತದೆ. ಟಾರ್ಷನ್ ಬಾರ್, ಅಂದರೆ ತಿರುಚುವಿಕೆಯಿಂದ ಸ್ಪ್ರಿಂಗ್‌ನಂತೆ ವರ್ತಿಸುವ ಉಕ್ಕಿನ ಸರಳು ಇರುವಲ್ಲಿ ಅದರ ಹೊಂದಾಣಿಕೆಯ ಬೋಲ್ಟನ್ನು ಸಡಿಲಿಸಿದರೆ ಹೊಸ ಬಿಡಿಭಾಗವಿಲ್ಲದೆಯೇ ವಾಹನ ಇಳಿಯುತ್ತದೆ. ಚಕ್ರದ ಅಚ್ಚು ಮೇಲ್ಭಾಗದಲ್ಲಿರುವಂತೆ ತಯಾರಿಸಿದ ‘ಡ್ರಾಪ್ ಸ್ಪಿಂಡಲ್’ ಬಳಸಿದರೆ ಸ್ಪ್ರಿಂಗ್ ಮತ್ತು ತೋಳುಗಳ ಮೂಲ ಕೋನ ಉಳಿಯುವುದರಿಂದ ಸಸ್ಪೆನ್ಷನ್ ಬಹುಮಟ್ಟಿಗೆ ಮೊದಲಿನಂತೆಯೇ ಚಲಿಸುತ್ತದೆ.

ಹಿಂಭಾಗ: ಆಕ್ಸಲ್ ಲೀಫ್ ಸ್ಪ್ರಿಂಗ್‌ನ ಮೇಲೆ ಕುಳಿತಿರುವ ಪಿಕಪ್‌ಗಳಲ್ಲಿ ಅವೆರಡರ ನಡುವೆ ಲೋಹದ ದಿಮ್ಮಿಯನ್ನಿಟ್ಟು ಉದ್ದನೆಯ ಯು-ಬೋಲ್ಟ್‌ಗಳಿಂದ ಬಿಗಿಯುತ್ತಾರೆ. ಆಕ್ಸಲ್ ಸ್ಪ್ರಿಂಗ್‌ನ ಕೆಳಗಿದ್ದರೆ ಅದನ್ನು ಮೇಲಕ್ಕೆ ಸ್ಥಳಾಂತರಿಸುತ್ತಾರೆ. ಇದಕ್ಕೆ ‘ಫ್ಲಿಪ್’ ಎಂದು ಹೆಸರು. ಆಗ ವಾಹನವು ಸುಮಾರಾಗಿ ಆಕ್ಸಲ್ ಕೊಳವೆಯ ವ್ಯಾಸ ಮತ್ತು ಸ್ಪ್ರಿಂಗ್ ಕಟ್ಟಿನ ದಪ್ಪ ಸೇರಿದಷ್ಟು ಇಳಿಯುತ್ತದೆ. ಬಹಳ ಇಳಿಸಿದಾಗ ಆಕ್ಸಲ್ ಚಾಸಿಸ್ಸಿಗೆ ತಾಗುವುದರಿಂದ, ಅದರ ನೇರಕ್ಕೆ ಚಾಸಿಸ್ಸಿನ ಅಡಿಭಾಗವನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ ದಪ್ಪ ಉಕ್ಕಿನ ತಗಡಿನಿಂದ ಬಲಪಡಿಸಬೇಕಾಗುತ್ತದೆ. ಆಕ್ಸಲ್‌ನ ಕೋನ ಬದಲಾದರೆ ಪ್ರೊಪೆಲ್ಲರ್ ಶಾಫ್ಟ್‌ನ ಯುನಿವರ್ಸಲ್ ಜಾಯಿಂಟ್‌ಗಳಲ್ಲಿ ಕಂಪನ ಉಂಟಾಗುತ್ತದೆ. ಆದ್ದರಿಂದ ಅದನ್ನೂ ಅಳೆದು ಸರಿಪಡಿಸಬೇಕು.

ಗಾಳಿ ಸಸ್ಪೆನ್ಷನ್: ಸ್ಪ್ರಿಂಗ್‌ಗಳ ಬದಲಿಗೆ ರಬ್ಬರಿನ ಗಾಳಿಚೀಲಗಳನ್ನು ಇರಿಸಿ, ಕಂಪ್ರೆಸರ್ ಮೂಲಕ ಗಾಳಿ ತುಂಬಿ ಎತ್ತರವನ್ನು ನಿಯಂತ್ರಿಸಲಾಗುತ್ತದೆ. ನಿಲ್ಲಿಸಿದಾಗ ನೆಲಕ್ಕೆ ತಾಗಿಸಿ, ಚಲಿಸುವಾಗ ಎತ್ತರಿಸಬಹುದು.

ದೊಡ್ಡ ಚಕ್ರಗಳು

ರಿಮ್‌ನ ವ್ಯಾಸ ಹೆಚ್ಚಿದರೂ ಟೈರಿನ ಒಟ್ಟು ವ್ಯಾಸ ಹೆಚ್ಚುಕಡಿಮೆ ಮೊದಲಿನಷ್ಟೇ ಇರುವಂತೆ ನೋಡಿಕೊಳ್ಳುವುದು ರೂಢಿ. ಉದಾಹರಣೆಗೆ, 225/70 ಆರ್ 15 ಟೈರಿನಲ್ಲಿ ಪಾರ್ಶ್ವದ ಎತ್ತರ 225 ಮಿ.ಮೀ.ನ ಶೇ. 70, ಅಂದರೆ 157.5 ಮಿ.ಮೀ. ರಿಮ್‌ನ 15 ಇಂಚು, ಅಂದರೆ 381 ಮಿ.ಮೀ. ಸೇರಿ ಒಟ್ಟು ವ್ಯಾಸ 696 ಮಿ.ಮೀ. ಆಗುತ್ತದೆ. ಇದರ ಬದಲಿಗೆ 245/40 ಆರ್ 20 ಟೈರನ್ನು ಹಾಕಿದರೆ ಪಾರ್ಶ್ವದ ಎತ್ತರ 98 ಮಿ.ಮೀ., ಒಟ್ಟು ವ್ಯಾಸ 704 ಮಿ.ಮೀ. ವ್ಯತ್ಯಾಸ ಶೇ. 1ಕ್ಕಿಂತ ತುಸು ಹೆಚ್ಚಾದ್ದರಿಂದ ಸ್ಪೀಡೋಮೀಟರಿನ ಲೆಕ್ಕ ಹೆಚ್ಚೇನೂ ತಪ್ಪುವುದಿಲ್ಲ.

ಪಾರ್ಶ್ವ ಗಿಡ್ಡವಾದಷ್ಟೂ ತಿರುವಿನಲ್ಲಿ ಟೈರು ಕಡಿಮೆ ಬಾಗುತ್ತದೆ. ಆದರೆ ರಸ್ತೆಯ ಹೊಂಡಗಳ ಪೆಟ್ಟು ನೇರವಾಗಿ ರಿಮ್‌ಗೆ ತಗಲುತ್ತದೆ. ದೊಡ್ಡ ರಿಮ್ ಹೆಚ್ಚು ತೂಕವಿದ್ದರೆ ವೇಗ ಪಡೆಯಲೂ ನಿಲ್ಲಿಸಲೂ ಹೆಚ್ಚು ಬಲ ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಟೈರಿನ ಭಾರ ಸೂಚ್ಯಂಕ. ಸೂಚ್ಯಂಕ 100 ಇರುವ ಟೈರು 800 ಕೆ.ಜಿ. ಹೊರಬಲ್ಲದು, 95 ಇರುವುದು 690 ಕೆ.ಜಿ. ಮಾತ್ರ. ಹೀಗೆ ಬದಲಿಸಿದರೆ ಹಿಂದಿನ ಎರಡು ಟೈರುಗಳ ಒಟ್ಟು ಸಾಮರ್ಥ್ಯ 220 ಕೆ.ಜಿ.ಯಷ್ಟು ಕುಗ್ಗುತ್ತದೆ.

ಪರಿಣಾಮಗಳು

ವಾಹನ ಮಗುಚುವ ಸಾಧ್ಯತೆಯನ್ನು ಅಂದಾಜಿಸಲು ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸುತ್ತಾರೆ. ಅಗಲ 1.4 ಮೀ., ಎತ್ತರ 0.65 ಮೀ. ಎಂದು ಭಾವಿಸಿದರೆ ಫಲ 1.08. ಗುರುತ್ವ ಕೇಂದ್ರ 7.5 ಸೆಂ.ಮೀ. ಇಳಿದರೆ ಅದು 1.22 ಆಗುತ್ತದೆ. ಈ ಸಂಖ್ಯೆ ಹೆಚ್ಚಿದಷ್ಟೂ ವಾಹನ ಹೆಚ್ಚು ಸ್ಥಿರ.

ಆದರೆ ಸಸ್ಪೆನ್ಷನ್‌ಗೆ ಮೇಲೆ ಕೆಳಗೆ ಚಲಿಸಲು ಇರುವ ಅವಕಾಶ ಕಡಿಮೆಯಾಗುತ್ತದೆ. ಷಾಕ್ ಅಬ್ಸಾರ್ಬರ್‌ಗಳನ್ನೂ ಗಿಡ್ಡ ಮಾಡದಿದ್ದರೆ ಅವು ಪೂರ್ತಿ ಕುಗ್ಗಿ ಹಾಳಾಗುತ್ತವೆ. ಮುಂದಿನ ಚಕ್ರಗಳು ಒಳಕ್ಕೆ ವಾಲಿದರೆ ಟೈರಿನ ಒಳ ಅಂಚು ಬೇಗ ಸವೆಯುವುದರಿಂದ ವೀಲ್ ಅಲೈನ್‌ಮೆಂಟ್ ಅಗತ್ಯ. ಸರಕು ತುಂಬಿದಾಗ ಆಕ್ಸಲ್ ಪದೇ ಪದೇ ಚಾಸಿಸ್ಸಿಗೆ ಬಡಿಯಬಹುದು.

ಕೆಲವು ಪಿಕಪ್‌ಗಳಲ್ಲಿ ಭಾರವನ್ನು ಗ್ರಹಿಸಿ ಹಿಂದಿನ ಬ್ರೇಕಿನ ಒತ್ತಡವನ್ನು ನಿಯಂತ್ರಿಸುವ ಕವಾಟವಿರುತ್ತದೆ. ಅದು ಚಾಸಿಸ್ ಮತ್ತು ಆಕ್ಸಲ್ ನಡುವಿನ ದೂರದಿಂದಲೇ ಭಾರವನ್ನು ತಿಳಿಯುತ್ತದೆ. ತಗ್ಗಿಸಿದ ವಾಹನ ಖಾಲಿಯಿದ್ದರೂ ಕವಾಟಕ್ಕೆ ಸರಕು ತುಂಬಿದಂತೆ ತೋರಿ, ಹಿಂದಿನ ಚಕ್ರಗಳಿಗೆ ಹೆಚ್ಚು ಒತ್ತಡ ಹೋಗುತ್ತದೆ. ಎಬಿಎಸ್ ಇಲ್ಲದ ವಾಹನದಲ್ಲಿ, ವಿಶೇಷವಾಗಿ ಒದ್ದೆ ರಸ್ತೆಯಲ್ಲಿ, ಆ ಚಕ್ರಗಳು ಸಿಕ್ಕಿಬಿದ್ದು ಹಿಂಭಾಗ ಜಾರುವ ಅಪಾಯವಿದೆ. ಆದ್ದರಿಂದ ಕವಾಟದ ಜೋಡಣೆಯನ್ನು ಹೊಸ ಎತ್ತರಕ್ಕೆ ಸರಿಹೊಂದಿಸಬೇಕು.

ಕಾನೂನು

ಟೈರಿನ ಗಾಳಿ ಹೋದಾಗ ವಾಹನದ ಭಾರ ರಿಮ್ ಮೇಲೆ ನಿಲ್ಲಬೇಕೇ ಹೊರತು ಇಂಧನ ಟ್ಯಾಂಕು ಅಥವಾ ಬ್ರೇಕ್ ಕೊಳವೆ ನೆಲಕ್ಕೆ ಉಜ್ಜಬಾರದು. ರಿಮ್‌ನ ಅಂಚನ್ನು ಮಿತಿಯಾಗಿ ಇಡುವುದರಿಂದ ಇದು ಸಾಧ್ಯವಾಗುತ್ತದೆ. ದೊಡ್ಡ ರಿಮ್‌ನ ಅಂಚು ನೆಲಕ್ಕೆ ಹೆಚ್ಚು ಹತ್ತಿರವಿರುವುದರಿಂದ ಈ ಮಿತಿಯೂ ಕೆಳಗಿಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 16 ಸೆಂ.ಮೀ.ನಿಂದ 10 ಸೆಂ.ಮೀ.ಗೆ ಇಳಿದಿದೆ.

ಭಾರತದಲ್ಲಿ 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.