309ಕ್ಕಿಂತ 131 ದೊಡ್ಡದು: ಟ್ರಿಪಲ್‌ಗಳ ಲೆಕ್ಕ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅತಿ ಹೆಚ್ಚು ಟ್ರಿಪಲ್ ಹೊಡೆದ ದಾಖಲೆ ಸ್ಯಾಮ್ ಕ್ರಾಫರ್ಡ್ ಹೆಸರಿನಲ್ಲಿದೆ. 1899ರಿಂದ 1917ರವರೆಗೆ ಆಡಿದ ಅವರ ಒಟ್ಟು ಮೊತ್ತ 309. ನಮ್ಮ ಕಾಲದ ಹೋಸೆ ರೆಯೆಸ್ 2003ರಿಂದ 2018ರವರೆಗೆ ಗಳಿಸಿದ್ದು 131. ಬರೀ ಪಟ್ಟಿ ನೋಡಿದರೆ ಕ್ರಾಫರ್ಡ್ ಎದುರು ರೆಯೆಸ್ ನಿಲ್ಲುವುದೇ ಇಲ್ಲ. ಆಯಾ ಕಾಲದ ಲೀಗ್ ಸರಾಸರಿಯನ್ನು ಪಕ್ಕದಲ್ಲಿಟ್ಟರೆ ಲೆಕ್ಕವೇ ಬೇರೆ.

ಬ್ಯಾಟರ್ ತನ್ನ ಹೊಡೆತದ ಬಲದಿಂದಲೇ ಮೂರನೇ ಬೇಸ್ ಮುಟ್ಟಿದರೆ ಅದು ಟ್ರಿಪಲ್. ಬೇಸ್‌ನಿಂದ ಬೇಸ್‌ಗೆ 90 ಅಡಿ, ಒಟ್ಟು 270 ಅಡಿ ಓಟ. ಫೀಲ್ಡರ್‌ ತಪ್ಪಿನಿಂದ ಸಿಕ್ಕಿದ ಬೇಸ್ ಇದಕ್ಕೆ ಸೇರದು.

ಅಂದು 5–6, ಇಂದು 2

ಕ್ರಾಫರ್ಡ್ ಕಾಲದಲ್ಲಿ ಪ್ರತಿ 100 ಹಿಟ್‌ಗಳಲ್ಲಿ (ಬ್ಯಾಟರ್‌ಗೆ ಬೇಸ್ ತಂದುಕೊಟ್ಟ ಹೊಡೆತಗಳಲ್ಲಿ) 5ರಿಂದ 6 ಟ್ರಿಪಲ್. ಒಂದೇ ಚೆಂಡನ್ನು ಮೆತ್ತಗಾಗುವವರೆಗೂ ಬಳಸುತ್ತಿದ್ದರು. ಅದನ್ನು ಬೇಲಿ ದಾಟಿಸಿ ಹೋಂ ರನ್ ಹೊಡೆಯುವುದು ಕಷ್ಟವಿತ್ತು. ಮೈದಾನಗಳೂ ವಿಶಾಲ. 1909ರಲ್ಲಿ ತೆರೆದ ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್‌ನಲ್ಲಿ ಬೇಲಿ ಕೆಲವೆಡೆ 450 ಅಡಿಗೂ ದೂರ. ಅದೇ ಊರಿನ ತಂಡದ ಚೀಫ್ ವಿಲ್ಸನ್ 1912ರ ಒಂದೇ ಋತುವಿನಲ್ಲಿ 36 ಟ್ರಿಪಲ್ ಹೊಡೆದರು. ಆ ದಾಖಲೆ ಇನ್ನೂ ಉಳಿದಿದೆ. ಆಗ ಹೋಂ ರನ್‌ಗಿಂತ ಟ್ರಿಪಲ್‌ಗಳೇ ಹೆಚ್ಚು. ಕ್ರಾಫರ್ಡ್ ಹೊಡೆದ ಹೋಂ ರನ್ ಬರೀ 97.

1920ರ ನಂತರ ಆಟ ಹೋಂ ರನ್ ಕಡೆ ವಾಲಿತು. 2019ರಲ್ಲಿ ಹೋಂ ರನ್ 6,776. ಟ್ರಿಪಲ್ 800ನ್ನೂ ಮುಟ್ಟಲಿಲ್ಲ. ಈಗ 100 ಹಿಟ್‌ಗೆ ಟ್ರಿಪಲ್ ಸುಮಾರು 2 ಮಾತ್ರ.

ನಾಲ್ವರ ಲೆಕ್ಕ

ಆಟಗಾರನ ಒಟ್ಟು ಹಿಟ್‌ಗಳನ್ನು ಅವನ ಕಾಲದ ಸರಾಸರಿ ದರದಿಂದ ಗುಣಿಸಿದರೆ, ಸಾಮಾನ್ಯ ಆಟಗಾರನೊಬ್ಬ ಅಷ್ಟೇ ಹಿಟ್‌ಗಳಲ್ಲಿ ಎಷ್ಟು ಟ್ರಿಪಲ್ ಗಳಿಸುತ್ತಿದ್ದ ಎಂಬ ಅಂದಾಜು ಸಿಗುತ್ತದೆ.

- ಸ್ಯಾಮ್ ಕ್ರಾಫರ್ಡ್: ಹಿಟ್ 2,961; ಅಂದಾಜು 160; ಗಳಿಸಿದ್ದು 309. ಸುಮಾರು 1.9 ಪಟ್ಟು.
- ವಿಲ್ಲಿ ವಿಲ್ಸನ್ (1976–1994): ಹಿಟ್ 2,207, ಅಂದಾಜು 55, ಗಳಿಸಿದ್ದು 147. ಸುಮಾರು 2.7 ಪಟ್ಟು.
- ಹೋಸೆ ರೆಯೆಸ್: ಹಿಟ್ 2,138, ಅಂದಾಜು 43, ಗಳಿಸಿದ್ದು 131. ಸುಮಾರು 3 ಪಟ್ಟು.
- ರಿಕಿ ಹೆಂಡರ್ಸನ್ (1979–2003): ಹಿಟ್ 3,055, ಅಂದಾಜು 70, ಗಳಿಸಿದ್ದು 66. ಸರಾಸರಿಯ ಆಸುಪಾಸು.

ಹೆಂಡರ್ಸನ್ ಸಾಲು ಗಮನಿಸಬೇಕಾದದ್ದು. 1,406 ಬೇಸ್ ಕದ್ದು (ಹೊಡೆತದ ನೆರವಿಲ್ಲದೆ ಓಡಿಯೇ ಮುಂದಿನ ಬೇಸ್ ಸೇರಿ) ಆ ವಿಭಾಗದ ದಾಖಲೆ ಹೊಂದಿರುವ ಓಟಗಾರ ಟ್ರಿಪಲ್‌ನಲ್ಲಿ ಸಾಮಾನ್ಯರ ಸಾಲಿನಲ್ಲಿದ್ದಾರೆ. ಟ್ರಿಪಲ್‌ಗೆ ವೇಗವೊಂದೇ ಸಾಲದು. ಬಲಗೈ ಬ್ಯಾಟರ್‌ನ ಜೋರು ಹೊಡೆತ ಹೆಚ್ಚಾಗಿ ಎಡಬದಿಗೆ ಹೋಗುತ್ತದೆ. ಅಲ್ಲಿಂದ ಮೂರನೇ ಬೇಸ್‌ಗೆ ಎಸೆತ ಹತ್ತಿರ. ಎಡಗೈ ಬ್ಯಾಟರ್‌ನ ಹೊಡೆತದಿಂದ ಬಲಬದಿಯ ಮೂಲೆಗೆ ಹೋದ ಚೆಂಡು ಬರಲು ಹೆಚ್ಚು ಹೊತ್ತು ಬೇಕು. ಹೆಂಡರ್ಸನ್ ಬಲಗೈ ಬ್ಯಾಟರ್, ಕ್ರಾಫರ್ಡ್ ಎಡಗೈ. ವಿಲ್ಲಿ ವಿಲ್ಸನ್ ಮತ್ತು ರೆಯೆಸ್ ಎರಡೂ ಕಡೆಯಿಂದ ಆಡುತ್ತಿದ್ದವರು. ವಿಲ್ಸನ್‌ಗೆ ಕಾನ್ಸಾಸ್ ಸಿಟಿಯ ಕೃತಕ ಹುಲ್ಲಿನ ಮೈದಾನವೂ ನೆರವಾಯಿತು. ಅಲ್ಲಿ ಚೆಂಡು ವೇಗವಾಗಿ ಉರುಳಿ ಬೇಲಿ ಸೇರುತ್ತಿತ್ತು.

ಒಟ್ಟು ಮೊತ್ತದಲ್ಲಿ ಕ್ರಾಫರ್ಡ್ ಅವರನ್ನು ಮೀರಿಸಿದವರಿಲ್ಲ, ಇಂದಿನ ಆಟದಲ್ಲಿ ಮೀರಿಸುವವರು ಹುಟ್ಟುವುದೂ ಕಷ್ಟ. ಆದರೆ ಸಮಕಾಲೀನರಿಗಿಂತ ಎಷ್ಟು ಮುಂದೆ ಎಂದು ಕೇಳಿದರೆ ಈ ನಾಲ್ವರಲ್ಲಿ ಮೊದಲ ಸ್ಥಾನ ರೆಯೆಸ್ ಅವರದು. ಬೇರೆ ಬೇರೆ ಕಾಲದ ಆಟಗಾರರನ್ನು ತೂಗುವ ಮುನ್ನ ಅವರವರ ಕಾಲದ ಸರಾಸರಿಯನ್ನು ಕೇಳಿ ತಿಳಿಯಿರಿ.