ನಿಮಗಿದು ಗೊತ್ತೇ? ಪಿಡಿಎಫ್ ಹಂಚಿದರೆ ದೂರು ಯಾರಿಗೆ?

ಸೆಮಿಸ್ಟರ್ ಪರೀಕ್ಷೆ ಬಂತೆಂದರೆ ಬನಶಂಕರಿ, ಜಯನಗರ, ಬಿಟಿಎಂ ಲೇಔಟಿನ ಹಾಸ್ಟೆಲು, ಪಿ.ಜಿ.ಗಳಲ್ಲಿ ಪಿಡಿಎಫ್‌ಗಳ ಸುರಿಮಳೆ. ಹಂಚುವ ಮುನ್ನ ಇಷ್ಟು ತಿಳಿದಿರಲಿ.

● ಟೊರೆಂಟಿನಲ್ಲಿ ಸಿನಿಮಾ ಇಳಿಸಿಕೊಳ್ಳುವಾಗಲೇ ಅದರ ತುಣುಕುಗಳು ನಿಮ್ಮ ಲ್ಯಾಪ್‌ಟಾಪಿನಿಂದ ಬೇರೆಯವರಿಗೂ ಹೋಗುತ್ತಿರುತ್ತವೆ. ಪಡೆದವರೂ ನೀವೇ, ಹಂಚಿದವರೂ ನೀವೇ.

● ಸಿನಿಮಾದ ಹಕ್ಕುದಾರರಿಗೆ ಕಾಣುವುದು ಐಪಿ ವಿಳಾಸ ಮಾತ್ರ. ಕ್ಯಾಂಪಸ್ ವೈ-ಫೈನಲ್ಲಿ ನೂರಾರು ಮಂದಿಗೆ ಅದು ಒಂದೇ ಇರಬಹುದು. ಹಾಗಾಗಿ ದೂರು ಮೊದಲು ಕಾಲೇಜಿಗೆ ಬರುತ್ತದೆ. ಆ ಹೊತ್ತಿನಲ್ಲಿ ಯಾರ ಲಾಗಿನ್ ಇತ್ತೆಂದು ಹುಡುಕುವುದು ಅಲ್ಲಿನ ನೆಟ್‌ವರ್ಕ್ ವಿಭಾಗ.

● 2013ರ ಕಾಪಿರೈಟ್ ನಿಯಮಗಳ ಪ್ರಕಾರ, ಕೃತಿಯ ಪ್ರತಿ ತಾತ್ಕಾಲಿಕವಾಗಿ ಉಳಿದಿರುವ ಜಾಲತಾಣಕ್ಕೆ ಲಿಖಿತ ದೂರು ಕೊಟ್ಟರೆ 36 ಗಂಟೆಯೊಳಗೆ ಅದು ಸಿಗದಂತೆ ಮಾಡಬೇಕು. 21 ದಿನದಲ್ಲಿ ನ್ಯಾಯಾಲಯದ ಆದೇಶ ಬಾರದಿದ್ದರೆ ಮತ್ತೆ ತೆರೆಯಬಹುದು.

● ದೆಹಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಪುಸ್ತಕದ ಪುಟಗಳ ಪ್ರತಿ ಮಾಡಿದ್ದಕ್ಕೆ 2012ರಲ್ಲಿ ಮೊಕದ್ದಮೆ ಹೂಡಿದವು. 2016ರಲ್ಲಿ ಹೈಕೋರ್ಟ್ ವಿದ್ಯಾರ್ಥಿಗಳ ಪರ ನಿಂತಿತು: ಬೋಧನೆಗೆ ಅಗತ್ಯವಿರುವಷ್ಟು ಪ್ರತಿ ಮಾಡಲು ಪರವಾನಗಿ ಬೇಡ. 2017ರಲ್ಲಿ ಪ್ರಕಾಶಕರು ಮೊಕದ್ದಮೆ ವಾಪಸ್ ಪಡೆದರು.

● ಆ ರಕ್ಷಣೆ ಪಾಠಕ್ಕೆ, ಸಿನಿಮಾಕ್ಕಲ್ಲ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರನ್ನು ಗೊತ್ತಿದ್ದೇ ಬಳಸಿದರೆ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನಡಿ 7 ದಿನದಿಂದ 3 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ. ಲಾಭಕ್ಕಲ್ಲವಾದರೆ ನ್ಯಾಯಾಲಯ ಜೈಲು ಬಿಟ್ಟು 50,000 ರೂಪಾಯಿವರೆಗಿನ ದಂಡವನ್ನಷ್ಟೇ ಹಾಕಬಹುದು. ಪ್ರಾಜೆಕ್ಟಿನ ಲೆಕ್ಕಾಚಾರಕ್ಕೆ ಸೈಲ್ಯಾಬ್, ಆಕ್ಟೇವ್‌ನಂಥ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತವೆ.

● ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಮುಕ್ತ. 1975ರಲ್ಲಿ ಅಗಲಿದ ಡಿ.ವಿ.ಜಿ.ಯವರ 'ಕಗ್ಗ'ಕ್ಕೆ 2035ರ ಕೊನೆಯವರೆಗೂ ಹಕ್ಕಿದೆ.

● 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ 6,000 ಕೋಟಿ ರೂಪಾಯಿ ಒಪ್ಪಿತು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಸಂಶೋಧನಾ ನಿಯತಕಾಲಿಕೆಗಳು ಲಭ್ಯ. ಲೈಬ್ರರಿಯಲ್ಲೊಮ್ಮೆ ವಿಚಾರಿಸಿ.

● ಅಮೆರಿಕದಲ್ಲಿ ಓದುವ ನಮ್ಮ ಮಕ್ಕಳಿಗೆ ಅಲ್ಲಿನ ವಿಶ್ವವಿದ್ಯಾಲಯಗಳು ಕಾಪಿರೈಟ್ ನಿಯಮ, ಶಿಕ್ಷೆಗಳನ್ನು ಪ್ರತಿವರ್ಷ ತಿಳಿಸುತ್ತವೆ. ಸರ್ಕಾರಿ ವಿದ್ಯಾರ್ಥಿ ನೆರವು ಪಡೆಯುವ ಸಂಸ್ಥೆಗಳಿಗೆ 2008ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಕಡ್ಡಾಯವಿಲ್ಲ. ಆದರೂ ವೈ-ಫೈ ಪಾಸ್‌ವರ್ಡ್ ಕೊಡುವ ದಿನವೇ ಯಾವುದನ್ನು ಧೈರ್ಯವಾಗಿ ಹಂಚಬಹುದು, ಯಾವುದನ್ನು ಹಂಚಬಾರದು ಎಂದು ಪ್ರತಿ ಕಾಲೇಜೂ ಹೇಳಿಕೊಡಲಿ. ನೋಟಿಸ್ ಬಂದ ಮೇಲೆ ಗದರುವುದಕ್ಕಿಂತ ಅದು ಎಷ್ಟೋ ಮೇಲು.