ರಜೆಯಲ್ಲೂ ಅವಸರವೇಕೆ?

“ಉಮ್ಮಾ, ಬೋರಾಗ್ತಿದೆ. ಮೊಬೈಲ್ ಕೊಡು.”

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತೆಂದರೆ ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ನಮ್ಮ ಬ್ಯಾರಿ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತಿದು. ಊರಲ್ಲಾದರೆ ಮುಂದೆ ಅಂಗಳ, ಹಿಂದೆ ತೋಟ. ಅಡಿಕೆ ಹಾಳೆಯ ಮೇಲೆ ಒಬ್ಬ ಕೂತು ಇನ್ನೊಬ್ಬ ಎಳೆದರೆ ಮಧ್ಯಾಹ್ನ ಕಳೆದದ್ದೇ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಗೇಟು ದಾಟಿದರೆ ವಾಹನ. ಹಾಗಾಗಿ ಮಕ್ಕಳನ್ನು ಒಂದು ಸಮ್ಮರ್ ಕ್ಯಾಂಪ್‌ನಿಂದ ಇನ್ನೊಂದಕ್ಕೆ ಓಡಿಸುತ್ತೇವೆ, ಇಲ್ಲವೇ ಮೊಬೈಲ್ ಕೈಗಿಡುತ್ತೇವೆ.

ಕ್ಯಾಂಪ್ ತಪ್ಪಲ್ಲ. ಆದರೆ ಅಲ್ಲಿ ಸಿಗದ್ದು ಒಂದಿದೆ: ನಮ್ಮ ಭಾಷೆ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆರಂಭವಾದ ಮೇಲೆ ಪುಸ್ತಕಗಳು ಬಂದಿವೆ, ನಿಜ. ಆದರೂ ಬ್ಯಾರಿ ಬಾಯಿಂದ ಬಾಯಿಗೆ ಬಂದ ಭಾಷೆ. ಫೋನಿನಲ್ಲಿ ಅಜ್ಜಿ ಹೇಳಿದ್ದೆಲ್ಲ ನಮ್ಮ ಮಕ್ಕಳಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ. ನಾವು ಅವರೊಂದಿಗೆ ಬ್ಯಾರಿಯಲ್ಲಿ ಆಡುವುದೇ “ಬೇಗ ತಿನ್ನು, ಬೇಗ ಹೊರಡು” ಎಂಬೆರಡು ಮಾತಾದರೆ, ಅವರಾದರೂ ಎಲ್ಲಿಂದ ಕಲಿಯಬೇಕು?

ಹೋದ ಬೇಸಿಗೆಯಲ್ಲಿ ನಾವು ಕ್ಯಾಂಪ್ ಬಿಟ್ಟು ಊರಿನಿಂದ ಅಜ್ಜಿಯನ್ನು ಕರೆಸಿಕೊಂಡೆವು. ಮೊದಲ ಮೂರು ದಿನ ಮಕ್ಕಳಿಗೂ ಬೇಜಾರು, ಅಜ್ಜಿಗೂ ಬೇಜಾರು. ನಾಲ್ಕನೇ ದಿನ ಸಾರಿಗೆ ತಂದಿದ್ದ ಹುಣಸೆಹಣ್ಣಿನ ಬೀಜ ಕಂಡು ಅಜ್ಜಿಗೆ ಚೆನ್ನೆಮಣೆ ನೆನಪಾಯಿತು. “ಅದು ಆಟಿ ತಿಂಗಳ ಆಟ, ಈಗ್ಯಾಕೆ?” ಎಂದು ತಾವೇ ನಕ್ಕರು. ಆದರೂ ಕೂತರು.

ಮಣೆ ಇಲ್ಲದಿದ್ದರೂ ನಡೆಯುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಳೇಳರಂತೆ ಎರಡು ಸಾಲು, ಒಟ್ಟು 14 ಗುಳಿ ಬರೆಯಿರಿ. ಒಂದೊಂದಕ್ಕೆ ನಾಲ್ಕರಂತೆ 56 ಬೀಜ. ಒಂದು ಗುಳಿಯ ಬೀಜವನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಎಲ್ಲಿ ಮುಗಿಯುತ್ತದೆಂದು ಮೊದಲೇ ಲೆಕ್ಕ ಹಾಕಿದವರು ಗೆಲ್ಲುತ್ತಾರೆ. ಅಜ್ಜಿ ಎಣಿಸುತ್ತಿದ್ದುದು ಬ್ಯಾರಿಯಲ್ಲೇ. ವಾರದೊಳಗೆ ಸಣ್ಣವಳೂ “ಒನ್ನು” ಎಂದೇ ಎಣಿಕೆ ಶುರುಮಾಡಿದಳು.

2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಬಿಸಿಲಿತ್ತು. ಇಂಥ ಮಧ್ಯಾಹ್ನಗಳು ಮನೆಯೊಳಗಿನ ಆಟಕ್ಕೇ ಇರಲಿ. ತೆಂಗಿನ ಗರಿ ಸಿಕ್ಕರೆ ವಾಚು, ಕನ್ನಡಕ, ಪೀಪಿ ಮಾಡಬಹುದು. ಪುಂಡಿಯ ಹಿಟ್ಟು ಕೊಟ್ಟರೆ ಮಕ್ಕಳು ಉಂಡೆ ಕಟ್ಟುತ್ತಾರೆ. ಆನೆ, ಆಮೆಯೂ ಆದೀತು, ಬೆಂದ ಮೇಲೆ ರುಚಿ ಒಂದೇ. ಅಸರ್‌ನಿಂದ ಮಗ್ರಿಬ್‌ವರೆಗೆ ಮೇ ತಿಂಗಳಲ್ಲಿ ಸುಮಾರು ಮೂರು ಗಂಟೆ ಇರುತ್ತದೆ. ಬಿಸಿಲು ಇಳಿದ ಮೇಲೆ ಟೆರೇಸಿನಲ್ಲಿ ಕುಂಟೆಬಿಲ್ಲೆ, ಲಗೋರಿ ಆಡಲು ಅಷ್ಟು ಸಾಕು. ಭಾನುವಾರ ಬೆಳಗ್ಗೆ ಕೆಂಗೇರಿ ಕಡೆಯವರಿಗೆ ತುರಹಳ್ಳಿ ಕಾಡು ದೂರವಲ್ಲ. ವಿಜಯನಗರದಿಂದ ನೇರಳೆ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್‌ಗೇ ಇಳಿಯಬಹುದು.

ಇದಕ್ಕೆಲ್ಲ ದೊಡ್ಡವರಿಗೆ ಪುರುಸೊತ್ತೆಲ್ಲಿ ಎನ್ನುತ್ತೀರಾ? ಪ್ರವಾದಿ(ಸ)ಯವರು ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದ ಪ್ರಸಂಗ ಹದೀಸ್‌ನಲ್ಲಿದೆ. ಮಗುವನ್ನು ಅವಸರಪಡಿಸಲು ಮನಸ್ಸಾಗದೆ ಅವರು ಸುಜೂದನ್ನೇ ದೀರ್ಘಗೊಳಿಸಿದರು. ನಮಾಝ್‌ನಲ್ಲೂ ಮಗುವಿಗಾಗಿ ಕಾದರು. ನಮಗೆ ಕೈಯಲ್ಲಿರುವ ಫೋನು ಅರ್ಧ ಗಂಟೆ ಪಕ್ಕಕ್ಕಿಡಲಾಗದೇ?

ಮೇ ಕೊನೆಗೆ ಅಜ್ಜಿ ಊರಿಗೆ ಹೊರಟರು. ಹಿಂದಿನ ರಾತ್ರಿ ಮಕ್ಕಳಿಬ್ಬರೂ ಬೀಜ ಕದ್ದ ವಿಷಯಕ್ಕೆ ಜಗಳಕ್ಕಿಳಿದಿದ್ದರು. ಬಿಡಿಸಲು ಹೋದವಳು ಬಾಗಿಲಲ್ಲೇ ನಿಂತೆ. ಜಗಳ ನಡೆದಿದ್ದು ಬ್ಯಾರಿಯಲ್ಲಿ.